ಗುಬ್ಬಿಯ ಕಲ್ಲು, ಸೃಷ್ಟಿಯ ಲೆಕ್ಕ

ಗುಬ್ಬಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ವೀರಣ್ಣನವರ ನಾಟಕ ಕಂಪೆನಿ. ಅದಕ್ಕೂ ಮೊದಲು ಈ ಊರಿಗೆ ಹೆಸರು ತಂದದ್ದು ಅಲ್ಲಿಯ ಸಂತೆ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಸಂತೆಯ ವ್ಯಾಪಾರವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನಾಲ್ಕು ದಿಕ್ಕಿನ ಜನ ಸೇರುವ ಇಂಥ ಊರು ಧರ್ಮಪ್ರಚಾರಕ್ಕೂ ಅನುಕೂಲವೆಂದು ತೋರಿದ್ದರೆ ಆಶ್ಚರ್ಯವಿಲ್ಲ. 1837ರಲ್ಲಿ ಥಾಮಸ್ ಹಾಡ್ಸನ್ ಎಂಬ ವೆಸ್ಲಿಯನ್ ಮಿಷನರಿ ಇಲ್ಲಿ ಕೆಲಸ ಆರಂಭಿಸಿದ. 1839ರಲ್ಲಿ ಭಾರತಕ್ಕೆ ಬಂದ ವಿಲಿಯಂ ಆರ್ಥರ್ ಎಂಬ ಐರಿಷ್ ತರುಣನೂ ಗುಬ್ಬಿಗೆ ಬಂದು ಕನ್ನಡ ಕಲಿತ. ಕಣ್ಣಿನ ದೃಷ್ಟಿ ಕೆಟ್ಟದ್ದರಿಂದ ಬೇಗನೆ ಊರಿಗೆ ಹಿಂತಿರುಗಬೇಕಾಯಿತು. 1847ರಲ್ಲಿ ಅವನು ಪ್ರಕಟಿಸಿದ ಮೈಸೂರು ಮಿಷನ್ನಿನ ಪುಸ್ತಕದಲ್ಲಿ ಗುಬ್ಬಿಯ ದಿನಗಳ ಚಿತ್ರವಿದೆ.

ಮಿಷನರಿಗಳ ಬೋಧನೆಗೆ ತಳಹದಿ ಬೈಬಲ್ಲಿನ ಮೊದಲ ಪುಟ. ದೇವರು ಆರು ದಿನಗಳಲ್ಲಿ ಜಗತ್ತನ್ನೂ ಸಕಲ ಜೀವರಾಶಿಯನ್ನೂ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದ. ಯಾವಾಗ? ಅದಕ್ಕೂ ಉತ್ತರವಿತ್ತು. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲ್ಲಿನ ವಂಶಾವಳಿಗಳನ್ನೆಲ್ಲ ಕೂಡಿ ಕಳೆದು, ಸೃಷ್ಟಿ ನಡೆದದ್ದು ಕ್ರಿಸ್ತಪೂರ್ವ 4004ನೆಯ ಇಸವಿಯಲ್ಲಿ ಎಂದು ಗೊತ್ತುಮಾಡಿದ್ದ. 1701ರಿಂದ ಈಚೆಗೆ ಇಂಗ್ಲಿಷ್ ಬೈಬಲ್ಲುಗಳ ಅಂಚಿನಲ್ಲಿ ಆ ಇಸವಿಯೂ ಅಚ್ಚಾಗುತ್ತ ಬಂತು. ಅಂಚಿನಲ್ಲಿ ಅಚ್ಚಾದದ್ದು ಓದುವವರ ಕಣ್ಣಿಗೆ ಕ್ರಮೇಣ ಮೂಲದ ಮಾತೇ ಆಗಿಬಿಡುತ್ತದೆ. ಆ ಲೆಕ್ಕದ ಪ್ರಕಾರ ಹಾಡ್ಸನ್ ಗುಬ್ಬಿಗೆ ಬಂದಾಗ ಜಗತ್ತಿನ ವಯಸ್ಸು 5,840 ವರ್ಷ.

ಗುಬ್ಬಿಯ ಪುರೋಹಿತರಿಗೆ ಈ ಸಂಖ್ಯೆ ತೀರ ಸಣ್ಣದಾಗಿಯೇ ಕಾಣಬೇಕು. ಅವರು ದಿನವೂ ಪೂಜೆಯ ಸಂಕಲ್ಪದಲ್ಲಿ ಹೇಳುವ ಕಾಲವೇ ಬೇರೆ: ಶ್ವೇತವರಾಹ ಕಲ್ಪ, ವೈವಸ್ವತ ಮನ್ವಂತರ, 28ನೆಯ ಮಹಾಯುಗದ ಕಲಿಯುಗ. ಕಲಿಯುಗ ಒಂದಕ್ಕೇ 4,32,000 ವರ್ಷ. ನಾಲ್ಕು ಯುಗ ಸೇರಿದ ಮಹಾಯುಗಕ್ಕೆ 43,20,000. ಇಂಥ ಸಾವಿರ ಮಹಾಯುಗ ಸೇರಿದರೆ ಒಂದು ಕಲ್ಪ, ಎಂದರೆ 432 ಕೋಟಿ ವರ್ಷ. ಒಬ್ಬರ ಸೃಷ್ಟಿ ಆರು ಸಾವಿರ ವರ್ಷವನ್ನೂ ಮುಟ್ಟದು, ಇನ್ನೊಬ್ಬರದು ಕೋಟಿಗಳಲ್ಲಿ. ಎರಡಕ್ಕೂ ಆಧಾರ ಗ್ರಂಥ.

ಅದೇ 1837ರ ಜುಲೈ ತಿಂಗಳಲ್ಲಿ, ಬೀಗಲ್ ಹಡಗಿನ ಪ್ರವಾಸ ಮುಗಿಸಿ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿಗೆ ಮರಳಿದ್ದ 28 ವರ್ಷದ ಚಾರ್ಲ್ಸ್ ಡಾರ್ವಿನ್ ಹೊಸದೊಂದು ನೋಟ್ ಪುಸ್ತಕ ತೆರೆದು, ಒಂದು ಜೀವಜಾತಿ ಇನ್ನೊಂದಾಗಿ ಬದಲಾಗುತ್ತದೆಯೇ ಎಂಬ ಪ್ರಶ್ನೆಯ ಬಗ್ಗೆ ಟಿಪ್ಪಣಿ ಬರೆಯತೊಡಗಿದ. ಪಾದ್ರಿಯಾಗಲೆಂದು ಮನೆಯವರು ಕೇಂಬ್ರಿಜ್‌ಗೆ ಕಳಿಸಿದ್ದ ಹುಡುಗ ಈತ. ಅಲ್ಲಿ ಇವನಿಗೆ ಭೂವಿಜ್ಞಾನ ಕಲಿಸಿದ ಆಡಮ್ ಸೆಜ್‌ವಿಕ್ ಸ್ವತಃ ಪಾದ್ರಿ. ಭೂಮಿಯ ವಯಸ್ಸು ಆರು ಸಾವಿರ ವರ್ಷಕ್ಕಿಂತ ಎಷ್ಟೋ ಹೆಚ್ಚೆಂದು ಸೆಜ್‌ವಿಕ್‌ನಂಥ ಪಾದ್ರಿ ವಿಜ್ಞಾನಿಗಳೇ ಆ ಹೊತ್ತಿಗೆ ಒಪ್ಪಿದ್ದರು. ಈ ಜಗಳವನ್ನು ಧರ್ಮ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ನಿಂತ ಕುಸ್ತಿಯಂತೆ ಬಣ್ಣಿಸುವುದು ರೂಢಿ. ನಿಜ ಅಷ್ಟು ಸರಳವಲ್ಲ.

ಸೃಷ್ಟಿಯ ಕಾಲ ಇಷ್ಟೇ ಎಂದು ಇಬ್ಬರೂ ಲೆಕ್ಕ ಹೇಳುತ್ತಿದ್ದ ಆ ತಾಲ್ಲೂಕಿನಲ್ಲೇ ಲೆಕ್ಕಕ್ಕೆ ಸಾಕ್ಷಿ ಹೇಳಬಲ್ಲ ಒಂದು ಕಲ್ಲು ಬಿದ್ದಿತ್ತು. ಅದನ್ನು ಆಗ ಯಾರೂ ಕೇಳಲಿಲ್ಲ. ಕೇಳುವ ವಿದ್ಯೆಯೂ ಆಗ ಯಾರಿಗೂ ಗೊತ್ತಿರಲಿಲ್ಲ.

ದೊಡ್ಡಗುಣಿಯ ಸುಣ್ಣಕಲ್ಲು

ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಯ ಸುತ್ತಿನ ನೆಲದಲ್ಲಿ ಸುಣ್ಣಕಲ್ಲು, ಡಾಲೊಮೈಟ್ ಶಿಲೆಗಳಿವೆ. ಗದಗಿನ ಕಡೆಯಿಂದ ಚಿತ್ರದುರ್ಗ, ಚಿಕ್ಕನಾಯಕನಹಳ್ಳಿಗಳ ಮೇಲೆ ಹಾದು ದಕ್ಷಿಣಕ್ಕೆ ಸಾಗುವ ಚಿತ್ರದುರ್ಗ ಶಿಲಾಪಟ್ಟಿಗೆ ಇವು ಸೇರಿದವು. ಮೈಸೂರು ಸರ್ಕಾರ 1894ರಲ್ಲಿ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥನಾಗಿದ್ದ ರಾಬರ್ಟ್ ಬ್ರೂಸ್ ಫೂಟ್ ಈ ಬಗೆಯ ಶಿಲೆಗಳಿಗೆಲ್ಲ ಧಾರವಾಡದ ಹೆಸರಿಟ್ಟಿದ್ದ. ಅದಿರು, ಚಿನ್ನ ಹುಡುಕುವವರಿಗೆ ಈ ಪಟ್ಟಿ ಹಿಂದಿನಿಂದಲೂ ಪರಿಚಿತ. 1980ರ ದಶಕದಲ್ಲಿ ಭೂವಿಜ್ಞಾನಿಗಳು ದೊಡ್ಡಗುಣಿಯ ಶಿಲೆಯಲ್ಲಿ ಬೇರೊಂದನ್ನು ಗುರುತಿಸಿದರು. ಕಲ್ಲಿನ ಒಡಲಲ್ಲಿ, ದೋಸೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ತೆಳುವಾದ ಪದರಗಳು. ಕೆಲವು ಕಡೆ ಅವು ಗುಮ್ಮಟದಂತೆ ಉಬ್ಬಿವೆ. ಇವಕ್ಕೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು.

ಇವು ಸೂಕ್ಷ್ಮಜೀವಿಗಳು ಕಟ್ಟಿದ ಮನೆ. ಬಚ್ಚಲ ಕಲ್ಲಿನ ಮೇಲೆ ಪಾಚಿ ಕಟ್ಟುವುದನ್ನು ನೋಡದವರಿಲ್ಲ. ಅದೇ ರೀತಿ ಆಳವಿಲ್ಲದ ಸಮುದ್ರದ ತಳದಲ್ಲಿ ಸಯನೊಬ್ಯಾಕ್ಟೀರಿಯದಂಥ ಜೀವಿಗಳು (ಹಿಂದೆ ಇವನ್ನು ನೀಲಿ-ಹಸಿರು ಪಾಚಿ ಎನ್ನುತ್ತಿದ್ದರು) ಲೋಳೆಯ ಹಾಸು ಹಾಸುತ್ತವೆ. ನೀರಿನಲ್ಲಿ ತೇಲಿ ಬಂದ ಸುಣ್ಣದ ಕಣಗಳು ಅದಕ್ಕೆ ಅಂಟುತ್ತವೆ. ಬೆಳಕು ಬೇಕಾದ ಜೀವಿಗಳು ಆ ಕಣಗಳ ಮೇಲಕ್ಕೆ ಏರಿ ಮತ್ತೊಂದು ಹಾಸು ಹಾಸುತ್ತವೆ. ಹೀಗೆ ಪದರದ ಮೇಲೆ ಪದರ. ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂಥವು ಈಗಲೂ ಜೀವಂತವಾಗಿ ಬೆಳೆಯುತ್ತಿವೆ. ವರ್ಷಕ್ಕೆ ಅರ್ಧ ಮಿಲಿಮೀಟರೂ ಬೆಳೆಯುವುದಿಲ್ಲ. ಜೀವಂತ ಮಾದರಿ ಕಣ್ಣೆದುರಿಗೆ ಇರುವುದರಿಂದಲೇ ಕಲ್ಲಿನಲ್ಲಿರುವುದು ಏನೆಂದು ಓದಲು ಸಾಧ್ಯವಾದದ್ದು.

ಗುಬ್ಬಿಯ ಬಯಲು ಒಂದು ಕಾಲಕ್ಕೆ ಸಮುದ್ರವಾಗಿತ್ತು ಎಂದರೆ ಮೊದಲು ನಂಬಿಕೆ ಬರುವುದು ಕಷ್ಟ. ಎಷ್ಟು ಹಿಂದೆ? 250 ಕೋಟಿ ವರ್ಷಗಳಿಗೂ ಹಿಂದೆ. ಈ ಸಂಖ್ಯೆ ಯಾರ ಬಾಯಿಯಿಂದಲೂ ಬಂದದ್ದಲ್ಲ. ಯುರೇನಿಯಂ ಎಂಬ ಧಾತು ತಾನಾಗಿ ಕ್ಷಯಿಸಿ ಕೊನೆಗೆ ಸೀಸವಾಗುತ್ತದೆ. ಯುರೇನಿಯಂ-238ರ ಅರ್ಧಭಾಗ ಸೀಸವಾಗಲು 447 ಕೋಟಿ ವರ್ಷ ಬೇಕು. ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ಸಾಕು. ಬಿಸಿಲು, ಮಳೆ, ಒತ್ತಡ ಯಾವುದಕ್ಕೂ ಈ ವೇಗ ಜಗ್ಗುವುದಿಲ್ಲ. ಒಂದೇ ಕಲ್ಲಿನಲ್ಲಿ ಬೇರೆ ಬೇರೆ ವೇಗದಲ್ಲಿ ಓಡುವ ಎರಡು ಗಡಿಯಾರಗಳಿದ್ದಂತೆ ಇದು. ಎರಡೂ ಒಂದೇ ಸಮಯ ತೋರಿಸಿದರೆ ನಂಬಬಹುದು, ತೋರಿಸದಿದ್ದರೆ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ. ಚಿತ್ರದುರ್ಗ ಪಟ್ಟಿಯ ಸುಣ್ಣಕಲ್ಲು, ಜ್ವಾಲಾಮುಖಿ ಶಿಲೆಗಳ ವಯಸ್ಸು ಹೇಳಲು ನೆರವಾದದ್ದು ಇಂಥ ಅಳತೆಗಳೇ. ಇದೇ ವಿದ್ಯೆಯಿಂದ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಉಲ್ಕೆಗಳ ಸೀಸವನ್ನು ಅಳೆದು ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದ. ಇಂದಿನ ಲೆಕ್ಕ 454 ಕೋಟಿ. ಇಷ್ಟು ವರ್ಷಗಳಲ್ಲಿ ಬದಲಾದದ್ದು ಅಷ್ಟೇ.

ದೊಡ್ಡಗುಣಿಯ ಕಲ್ಲು ಜಗತ್ತಿನಲ್ಲಿ ಅತಿ ಹಳೆಯದೇನಲ್ಲ. ಆಸ್ಟ್ರೇಲಿಯದ ಪಿಲ್ಬರಾ ಪ್ರದೇಶದಲ್ಲಿ ಸುಮಾರು 348 ಕೋಟಿ ವರ್ಷ ಹಳೆಯ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಗ್ರೀನ್‌ಲ್ಯಾಂಡಿನಲ್ಲಿ 370 ಕೋಟಿ ವರ್ಷದ್ದು ಸಿಕ್ಕಿತೆಂದು 2016ರಲ್ಲಿ ಕೆಲವು ವಿಜ್ಞಾನಿಗಳು ಪ್ರಕಟಿಸಿದರು. ಎರಡೇ ವರ್ಷದಲ್ಲಿ ಇನ್ನು ಕೆಲವರು, ಅದು ಜೀವಿ ಕಟ್ಟಿದ್ದಲ್ಲ, ಶಿಲೆ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡದ್ದು ಎಂದು ಆಕ್ಷೇಪಿಸಿದರು. ವಿಜ್ಞಾನಿಗಳು ತಮ್ಮತಮ್ಮಲ್ಲೇ ಹೀಗೆ ಜಗಳವಾಡುವುದನ್ನು ಕಂಡು, ಇವರಿಗೇ ಖಚಿತವಿಲ್ಲ ಎಂದು ನಗುವವರುಂಟು. ಜಗಳ ಕಲ್ಲನ್ನು ಮುಂದಿಟ್ಟುಕೊಂಡು ನಡೆಯುತ್ತಿದೆ ಎಂಬುದನ್ನು ಅವರು ಗಮನಿಸುವುದಿಲ್ಲ.

ಈ ಜೀವಿಗಳ ಕೆಲಸ ಸುಣ್ಣದ ಪದರಕ್ಕೇ ಮುಗಿಯಲಿಲ್ಲ. ಬಿಸಿಲಿನ ಬಲದಿಂದ ನೀರನ್ನು ಒಡೆದು ಅವು ಆಮ್ಲಜನಕ ಬಿಟ್ಟವು. ಆಗಿನ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಆ ಆಮ್ಲಜನಕ ಸೇರಿ ತುಕ್ಕಾಗಿ ತಳಕ್ಕೆ ಇಳಿಯಿತು. ಪಟ್ಟೆ ಪಟ್ಟೆಯ ಕಬ್ಬಿಣದ ಅದಿರು ಬಹುಮಟ್ಟಿಗೆ ಹೀಗೇ ಉಂಟಾಯಿತೆಂದು ವಿಜ್ಞಾನಿಗಳ ಅಭಿಪ್ರಾಯ. ಗಾಳಿಯಲ್ಲಿ ಆಮ್ಲಜನಕ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. 2011ರಲ್ಲಿ ಸುಪ್ರೀಂ ಕೋರ್ಟು ತುಮಕೂರು ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕುವವರೆಗೆ ಚಿಕ್ಕನಾಯಕನಹಳ್ಳಿ, ಗುಬ್ಬಿಯ ರಸ್ತೆಗಳಲ್ಲಿ ಕೆಂಧೂಳು ಎಬ್ಬಿಸಿ ಓಡಿದ ಲಾರಿಗಳ ಸರಕಿಗೂ ಕಣ್ಣಿಗೆ ಕಾಣದ ಈ ಜೀವಿಗಳಿಗೂ ಇಂಥದೊಂದು ನಂಟು ಇರಬಹುದು.

ಕಲ್ಪದ ಲೆಕ್ಕ

ಭೂಮಿಯ ವಯಸ್ಸು 454 ಕೋಟಿ, ಕಲ್ಪದ ಅವಧಿ 432 ಕೋಟಿ. ಹತ್ತಿರ ಹತ್ತಿರ ಒಂದೇ ಅಲ್ಲವೇ? ನಮ್ಮ ಋಷಿಗಳಿಗೆ ಇದು ಮೊದಲೇ ಗೊತ್ತಿತ್ತು ಎಂಬ ಮಾತು ಭಾಷಣಗಳಲ್ಲಿ, ಜಾತ್ರೆಯ ವೇದಿಕೆಗಳಲ್ಲಿ, ಈಗ ಮೊಬೈಲ್ ಫೋನಿನ ಸಂದೇಶಗಳಲ್ಲೂ ಧಾರಾಳವಾಗಿ ಕೇಳಿಬರುತ್ತದೆ. ಹೇಳುವವರು ಪಂಚಾಂಗವನ್ನು ಒಮ್ಮೆ ಪೂರ್ತಿ ಓದಿದ್ದರೆ ಹೀಗೆ ಹೇಳುತ್ತಿರಲಿಲ್ಲ. 432 ಕೋಟಿ ಎಂಬುದು ಕಲ್ಪದ ಪೂರ್ಣ ಅವಧಿ. ಈಗಿನ ಕಲ್ಪದಲ್ಲಿ ಅದಿನ್ನೂ ಅರ್ಧವೂ ಮುಗಿದಿಲ್ಲ. ಆರು ಮನ್ವಂತರ, ಅವುಗಳ ಸಂಧಿಕಾಲ, ಏಳನೆಯ ಮನ್ವಂತರದ 27 ಮಹಾಯುಗ, 28ನೆಯದರ ಮೂರು ಯುಗ, ಮೇಲೆ ಕಲಿಯುಗದ ಐದು ಸಾವಿರ ಚಿಲ್ಲರೆ ವರ್ಷ, ಎಲ್ಲ ಕೂಡಿದರೆ ಈವರೆಗೆ ಕಳೆದದ್ದು ಸುಮಾರು 197 ಕೋಟಿ ವರ್ಷ. ದೊಡ್ಡಗುಣಿಯ ಕಲ್ಲಿನ ಜೀವಿಗಳು ಅದಕ್ಕಿಂತ 50 ಕೋಟಿ ವರ್ಷಕ್ಕೂ ಹಿಂದೆಯೇ ಸಮುದ್ರದಲ್ಲಿ ಬಿಸಿಲು ಕಾಯಿಸುತ್ತಿದ್ದವು. ಅಷರ್‌ನ ಲೆಕ್ಕವನ್ನು ತಪ್ಪೆನ್ನುವ ಕಲ್ಲು ಪಂಚಾಂಗದ ಲೆಕ್ಕವನ್ನೂ ತಪ್ಪೆನ್ನುತ್ತದೆ.

ಇದರಿಂದ ಪ್ರಾಚೀನರ ಬುದ್ಧಿಗೇನೂ ಕುಂದಿಲ್ಲ. ಗ್ರಹಗಳೆಲ್ಲ ಒಂದೇ ಕಡೆ ಸೇರಿ ಹೊರಟು ಮತ್ತೆ ಒಂದೇ ಕಡೆ ಸೇರಲು ಎಷ್ಟು ಕಾಲ ಬೇಕೆಂದು ಲೆಕ್ಕ ಹಾಕುವ ಖಗೋಳಶಾಸ್ತ್ರಕ್ಕೆ ದೊಡ್ಡ ಸಂಖ್ಯೆ ಬೇಕಿತ್ತು. ಅದಕ್ಕೆ ಹೊಂದುವ ಯುಗಗಣನೆಯನ್ನು ಅವರು ಬೆಳೆಸಿದರು. ಕಾಲ ಮನುಷ್ಯನ ಊಹೆಗೆ ಮೀರಿದ್ದು ಎಂಬ ಭಾವನೆ ಆಗಲೇ ಇದ್ದದ್ದು ದೊಡ್ಡ ಸಂಗತಿಯೇ. ಆದರೆ ಅವರು ಕಲ್ಲನ್ನು ಅಳೆಯಲಿಲ್ಲ. ಅಳೆದವರ ಉತ್ತರದ ಪಕ್ಕದಲ್ಲಿ ತಂದು ನಿಲ್ಲಿಸಿದರೆ ಗೌರವ ಹೆಚ್ಚುವುದಿಲ್ಲ.

ದಶಾವತಾರದ ಮಾತೂ ಹೀಗೆಯೇ. ತುಮಕೂರಿಗೆ ಹತ್ತಿರದ ದೇವರಾಯನದುರ್ಗದ ಬೆಟ್ಟಕ್ಕೆ ಹೋದವರು ಕೆಳಗೆ ಭೋಗನರಸಿಂಹ, ಮೇಲೆ ಯೋಗನರಸಿಂಹನ ದರ್ಶನ ಮಾಡಿ ಬರುತ್ತಾರೆ. ಮೀನು, ಆಮೆ, ಹಂದಿ, ಅರ್ಧ ಮೃಗ ಅರ್ಧ ಮನುಷ್ಯ, ಕುಳ್ಳ, ಕೊಡಲಿ ಹಿಡಿದವ, ಆಮೇಲೆ ರಾಮ. ಅವತಾರಗಳ ಈ ಸಾಲಿನಲ್ಲಿ ನೀರಿನಿಂದ ನೆಲಕ್ಕೆ, ಮೃಗದಿಂದ ಮನುಷ್ಯನಿಗೆ ಏರುವ ಕ್ರಮ ಕಾಣುವುದು ನಿಜ. ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯೇ ಆದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಕೂಡ ಈ ಹೋಲಿಕೆಯನ್ನು ಗಮನಿಸಿದ್ದ. ಹೋಲಿಕೆ ಸೊಗಸಾಗಿದೆ, ಅಷ್ಟಕ್ಕೇ ಬಿಡಬೇಕು. ಏಕೆಂದರೆ ಮತ್ಸ್ಯಾವತಾರದ ಕಥೆಯಲ್ಲೇ ಮನು ದೋಣಿಯಲ್ಲಿ ಕುಳಿತಿದ್ದಾನೆ. ಮೊದಲ ಮೀನಿಗಿಂತ ಮೊದಲೇ ಮನುಷ್ಯನಿರುವ ಕಥೆ ಜೀವವಿಕಾಸದ ಕಥೆಯಾಗುವುದಿಲ್ಲ. ನರಸಿಂಹನಿಗೆ ಕೈಮುಗಿಯಲು ಬೆಟ್ಟ ಹತ್ತುವವರು ಡಾರ್ವಿನ್ನನ ಶಿಫಾರಸು ಕೇಳಿ ಹತ್ತುವುದಿಲ್ಲವಷ್ಟೆ.

ಗ್ರಂಥಗಳಲ್ಲಿ ವಿಜ್ಞಾನಿಯ ಮನಸ್ಸಿಗೆ ನಿಜವಾಗಿ ಹತ್ತಿರವಾದದ್ದು ಬೇಕಾದರೆ ಋಗ್ವೇದದ ಹತ್ತನೆಯ ಮಂಡಲದ ನಾಸದೀಯ ಸೂಕ್ತವಿದೆ. ಸೃಷ್ಟಿ ಎಲ್ಲಿಂದ ಬಂತೆಂದು ಬಲ್ಲವರು ಯಾರು, ದೇವತೆಗಳೂ ಸೃಷ್ಟಿಯ ಈಚೆಗೆ ಬಂದವರೇ ಎಂದು ಆ ಸೂಕ್ತ ಕೇಳುತ್ತದೆ. ಕೊನೆಗೆ ಮೇಲಿರುವವನಿಗಾದರೂ ಗೊತ್ತೋ ಇಲ್ಲವೋ ಎಂಬ ಸಂಶಯದಲ್ಲೇ ನಿಲ್ಲುತ್ತದೆ. ವೇದದಲ್ಲಿ ಎಲ್ಲವೂ ಇದೆ ಎನ್ನುವವರು ಈ ಸಂಶಯವೂ ಅಲ್ಲೇ ಇದೆ ಎಂದು ಹೇಳುವುದು ಕಡಿಮೆ.

ಬೆವರಿನಿಂದ ಹುಟ್ಟಿದ ಹೇನು

ಇಲ್ಲಿ ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಬೇಕು. ಇರುವ ಜೀವಿಗಳಿಂದ ಬೇರೆ ಜೀವಿಗಳು ಬಂದದ್ದು ಹೇಗೆ ಎಂಬುದು ಒಂದು. ಜೀವವೇ ಇಲ್ಲದ ಕಡೆ ಮೊದಲ ಜೀವ ಬಂದದ್ದು ಹೇಗೆ ಎಂಬುದು ಇನ್ನೊಂದು. ಜಗಳದಲ್ಲಿ ಎರಡೂ ಕಡೆಯವರು ಇವನ್ನು ಕಲಸಿಬಿಡುತ್ತಾರೆ.

ಎರಡನೆಯ ಪ್ರಶ್ನೆ ಹಿಂದಿನವರಿಗೆ ಅಷ್ಟು ತೊಡಕಾಗಿ ಕಂಡಿರಲಿಲ್ಲ. ನಮ್ಮ ಶಾಸ್ತ್ರಗಳು ಜೀವಿಗಳನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸಿದವು. ಗರ್ಭದಿಂದ, ಮೊಟ್ಟೆಯಿಂದ, ಬೆವರಿನಿಂದ, ನೆಲ ಸೀಳಿಕೊಂಡು ಹುಟ್ಟುವವು. ಹೇನು, ತಿಗಣೆಗಳು ಬೆವರಿನಿಂದ, ಸಗಣಿಯ ಹುಳು ಸಗಣಿಯಿಂದ ತಾನಾಗಿ ಹುಟ್ಟುತ್ತದೆಂಬ ನಂಬಿಕೆ ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಯುರೋಪಿನಲ್ಲೂ ಇದೇ ನಂಬಿಕೆ ಇತ್ತು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ, ಮಾಂಸಕ್ಕೆ ಬಟ್ಟೆ ಮುಚ್ಚಿ ನೊಣ ಕೂರದಂತೆ ಮಾಡಿದರೆ ಹುಳು ಬೀಳುವುದಿಲ್ಲವೆಂದು ತೋರಿಸಿದ. 1860ರ ಸುಮಾರಿಗೆ ಲೂಯಿ ಪಾಶ್ಚರ್ ಹಂಸದ ಕತ್ತಿನಂತೆ ಬಾಗಿದ ಗಾಜಿನ ಪಾತ್ರೆಯಲ್ಲಿ ಸಾರನ್ನು ಕುದಿಸಿಟ್ಟು, ಧೂಳು ಒಳಗೆ ಹೋಗದಿದ್ದರೆ ಸೂಕ್ಷ್ಮಜೀವಿಯೂ ಹುಟ್ಟುವುದಿಲ್ಲವೆಂದು ಸಾಧಿಸಿದ. ಜೀವದಿಂದಲೇ ಜೀವ. ದೈವಭಕ್ತರಿಗೆ ಇದರಿಂದ ಸಂತೋಷವೇ ಆಯಿತು: ಹಾಗಾದರೆ ಮೊದಲ ಜೀವವನ್ನು ದೇವರೇ ಕೊಟ್ಟಿರಬೇಕು!

ಡಾರ್ವಿನ್ ಈ ಪ್ರಶ್ನೆಯ ತಂಟೆಗೆ ಬಹಿರಂಗವಾಗಿ ಹೋಗಲಿಲ್ಲ. 1859ರ ತನ್ನ ಪುಸ್ತಕದ ಎರಡನೆಯ ಮುದ್ರಣದಲ್ಲಿ ಕೊನೆಯ ವಾಕ್ಯಕ್ಕೆ ಸೃಷ್ಟಿಕರ್ತನ ಹೆಸರು ಸೇರಿಸಿದ. ಸೇರಿಸಬಾರದಿತ್ತು ಎಂದು ಆಮೇಲೆ ಗೆಳೆಯನಿಗೆ ಬರೆದ ಕಾಗದದಲ್ಲಿ ಹಳಹಳಿಸಿದ. 1871ರ ಇನ್ನೊಂದು ಕಾಗದದಲ್ಲಿ, ಬೆಚ್ಚನೆಯ ಸಣ್ಣ ಕೊಳವೊಂದರಲ್ಲಿ ಲವಣಗಳು, ಬೆಳಕು, ಶಾಖ, ವಿದ್ಯುತ್ತು ಕೂಡಿ ಜೀವದ ಮೊದಲ ದ್ರವ್ಯ ಉಂಟಾಗಿದ್ದಿರಬಹುದೇ ಎಂದು ಊಹಿಸಿದ. ರಷ್ಯದ ಒಪಾರಿನ್ 1924ರಲ್ಲಿ, ಹಾಲ್ಡೇನ್ 1929ರಲ್ಲಿ ಈ ಊಹೆಗೆ ರಸಾಯನಶಾಸ್ತ್ರದ ಮೈ ಕೊಟ್ಟರು. ಅಮೆರಿಕದ ಸ್ಟ್ಯಾನ್ಲಿ ಮಿಲ್ಲರ್ ಮೀಥೇನ್, ಅಮೋನಿಯ, ಜಲಜನಕ, ನೀರಾವಿ ತುಂಬಿದ ಗಾಜಿನ ಬುರುಡೆಯಲ್ಲಿ ವಿದ್ಯುತ್ ಕಿಡಿ ಹಾಯಿಸಿ, ಕೆಲವೇ ದಿನಗಳಲ್ಲಿ ಅಮೈನೋ ಆಮ್ಲ ಪಡೆದದ್ದು 1953ರಲ್ಲಿ ಪ್ರಕಟವಾಯಿತು. ಬೆನ್ನು ಎಂಬ ಕ್ಷುದ್ರಗ್ರಹದಿಂದ ನಾಸಾ ತಂದ ಮಣ್ಣಿನಲ್ಲಿ, ಜೀವಿಗಳು ಪ್ರೋಟೀನು ಕಟ್ಟಲು ಬಳಸುವ 20 ಅಮೈನೋ ಆಮ್ಲಗಳ ಪೈಕಿ 14 ಸಿಕ್ಕಿವೆಯೆಂದು 2025ರ ಜನವರಿಯಲ್ಲಿ ಪ್ರಕಟಿಸಲಾಯಿತು. ಡಿಎನ್ಎ, ಆರ್‌ಎನ್ಎಗಳ ಐದು ಕ್ಷಾರಗಳೂ ಅದರಲ್ಲಿದ್ದವು.

ಆದರೆ ಇಟ್ಟಿಗೆ, ಗಾರೆ, ಮರಳು ಗುಡ್ಡೆ ಬಿದ್ದ ಮಾತ್ರಕ್ಕೆ ಮನೆ ಎದ್ದಂತಾಗುವುದಿಲ್ಲ. ತನ್ನಂತೆಯೇ ಇನ್ನೊಂದನ್ನು ಹಡೆಯುವ ಮೊದಲ ಕೋಶ ಹೇಗಾಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ. ಆರ್‌ಎನ್ಎ ಮೊದಲು ಬಂತೆನ್ನುವವರಿದ್ದಾರೆ, ಸಮುದ್ರತಳದ ಬಿಸಿನೀರ ಬುಗ್ಗೆಗಳಲ್ಲಿ ಆರಂಭವಾಯಿತೆನ್ನುವವರಿದ್ದಾರೆ. ಪ್ರಯೋಗಶಾಲೆಯಲ್ಲಿ ಜೀವ ಹುಟ್ಟಿಸಿದವರು ಯಾರೂ ಇಲ್ಲ. ತರಗತಿಯಲ್ಲಿ ಇದನ್ನು ಮುಚ್ಚಿಡುವ ವಿಜ್ಞಾನದ ಮೇಷ್ಟರು ತಮ್ಮ ವಿಷಯಕ್ಕೇ ಅನ್ಯಾಯ ಮಾಡಿದಂತೆ. ಗೊತ್ತಿಲ್ಲ ಎಂಬ ಜಾಗದಲ್ಲಿ ಅವಸರದಿಂದ ದೇವರನ್ನು ಕೂರಿಸುವವರ ಸ್ಥಿತಿಯೂ ಕಷ್ಟವೇ. ಗುಡುಗು, ಸಿಡುಬು, ಗ್ರಹಣಗಳಲ್ಲಿ ಹಾಗೆ ಕೂರಿಸಿದ್ದ ದೇವರನ್ನು ಒಂದೊಂದಾಗಿ ಎಬ್ಬಿಸಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತು.

ಕುಣಿಗಲ್ಲಿನ ಕುದುರೆ

ಮೊದಲನೆಯ ಪ್ರಶ್ನೆಯ ಮಾತು ಹಾಗಲ್ಲ. ಅದಕ್ಕೆ ಉತ್ತರ ಸಿಕ್ಕಿದೆ. ಉತ್ತರದ ಒಂದು ತುಣುಕು ಕುಣಿಗಲ್ಲಿನಲ್ಲೂ ಉಂಟು. ಕುಣಿಗಲ್ಲಿಗೆ ಕೆರೆಯ ಹಾಡಿನಿಂದ ಬಂದ ಹೆಸರು ಒಂದಾದರೆ ಕುದುರೆ ಫಾರಮ್ಮಿನಿಂದ ಬಂದದ್ದು ಇನ್ನೊಂದು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕೆಂದು ಕುದುರೆ ಸಾಕಿದ ಜಾಗ ಮುಂದೆ ಪಂದ್ಯದ ಥರೋಬ್ರೆಡ್ ತಳಿಗೆ ಹೆಸರಾಯಿತು. ಥರೋಬ್ರೆಡ್ ಕುದುರೆ ಕಾಡಿನಲ್ಲಿ ಸಿಕ್ಕಿದ್ದಲ್ಲ. ಇಂಗ್ಲೆಂಡಿಗೆ 17ನೆಯ ಶತಮಾನದ ಕೊನೆ ಮತ್ತು 18ನೆಯ ಶತಮಾನದ ಆರಂಭದಲ್ಲಿ ಬಂದ ಮೂರು ಗಂಡು ಕುದುರೆಗಳಿಗೆ ಇಂದಿನ ಎಲ್ಲ ಥರೋಬ್ರೆಡ್‌ಗಳ ತಂದೆಯ ಕಡೆಯ ವಂಶ ಹೋಗಿ ಮುಟ್ಟುತ್ತದೆ. ವೇಗದವನ್ನು ಉಳಿಸಿ, ಉಳಿದವನ್ನು ಬಿಟ್ಟು, ತಲೆಮಾರಿನ ಮೇಲೆ ತಲೆಮಾರು ಆರಿಸುತ್ತ ಬಂದದ್ದಕ್ಕೆ ಈ ತಳಿ ಆಯಿತು. ಮೈಸೂರರಸರ ಬೆಣ್ಣೆಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆದಾಗ ದನಗಳ ವಿಷಯದಲ್ಲಿ ನಡೆದದ್ದೂ ಇದೇ. ಹೋರಿ ಆರಿಸುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಡಾರ್ವಿನ್ ತನ್ನ ಪುಸ್ತಕದ ಮೊದಲ ಅಧ್ಯಾಯ ತೆರೆದದ್ದು ಇಂಥ ಸಾಕುಪ್ರಾಣಿಗಳ ತಳಿಯಿಂದ, ಅದರಲ್ಲೂ ಪಾರಿವಾಳದಿಂದ. ಮನುಷ್ಯ ಕೆಲವು ನೂರು ವರ್ಷಗಳಲ್ಲಿ ಆರಿಸಿ ಇಷ್ಟು ಬದಲಾಯಿಸಬಲ್ಲನಾದರೆ, ಬರಗಾಲ, ಶತ್ರು, ರೋಗಗಳ ಮೂಲಕ ನಿಸರ್ಗ ಕೋಟ್ಯಂತರ ವರ್ಷ ಆರಿಸಿದರೆ ಏನಾಗಲಾರದು? ಇಲ್ಲಿಗೇ ಆಕ್ಷೇಪ ಬರುತ್ತದೆ: ಎಷ್ಟು ಆರಿಸಿದರೂ ಕುದುರೆ ಕುದುರೆಯೇ ತಾನೆ? ಕುದುರೆಯ ಕಾಲನ್ನೇ ನೋಡಬೇಕು. ಅದು ನಿಂತಿರುವುದು ಒಂದೇ ಬೆರಳಿನ ಮೇಲೆ. ಗೊರಸು ಆ ಬೆರಳಿನ ಉಗುರು. ಆ ಎಲುಬಿನ ಎರಡು ಬದಿಯಲ್ಲೂ ದಬ್ಬಣದಂತೆ ಚೂಪಾಗಿ ಇಳಿದು ನಡುವೆಯೇ ನಿಂತುಹೋದ ಎರಡು ಸಣ್ಣ ಎಲುಬುಗಳಿವೆ. ಅವುಗಳ ಬಳಿ ಬಾವು ಬಂದು ಪಂದ್ಯದ ಕುದುರೆ ಕುಂಟುವುದುಂಟು. ಭಾರ ಹೊರುವ ಬೆರಳಿಲ್ಲದ ಈ ಎಲುಬುಗಳು ಏಕಿವೆ? ಸುಮಾರು 5.5 ಕೋಟಿ ವರ್ಷ ಹಿಂದಿನ ಕುದುರೆಯ ಪೂರ್ವಿಕ ನಾಯಿಯಷ್ಟೇ ಎತ್ತರ. ಮುಂಗಾಲಿಗೆ ನಾಲ್ಕು, ಹಿಂಗಾಲಿಗೆ ಮೂರು ಬೆರಳು. ಅಲ್ಲಿಂದ ಈಚಿನ ಪಳೆಯುಳಿಕೆಗಳಲ್ಲಿ ಪಕ್ಕದ ಬೆರಳುಗಳು ಕುಗ್ಗುತ್ತ ಬಂದು ಕೊನೆಗೆ ಆ ಎರಡು ದಬ್ಬಣಗಳಷ್ಟೇ ಉಳಿದಿವೆ. ಮೊದಲ ತುಣುಕು ಸಿಕ್ಕಾಗ ಅದಕ್ಕೆ 1841ರಲ್ಲಿ ಹೆಸರಿಟ್ಟ ರಿಚರ್ಡ್ ಓವೆನ್ ಅದು ಕುದುರೆಯ ಅಜ್ಜನೆಂದು ಊಹಿಸಲೂ ಇಲ್ಲ. ಡಾರ್ವಿನ್ನನ ದೊಡ್ಡ ವಿರೋಧಿಯಾಗಿ ಹೆಸರಾದವನೂ ಅವನೇ.

ಬೆಳಿಗ್ಗೆ ಒಂದು, ಪರೀಕ್ಷೆಗೆ ಇನ್ನೊಂದು

ಅಮೆರಿಕದ ಟೆನೆಸಿ ರಾಜ್ಯದಲ್ಲಿ ಡಾರ್ವಿನ್ನನ ಪಾಠ ಮಾಡಿದ ಆರೋಪದ ಮೇಲೆ ಸ್ಕೋಪ್ಸ್ ಎಂಬ ಉಪಾಧ್ಯಾಯನ ವಿಚಾರಣೆ ನಡೆಸಿ 1925ರಲ್ಲಿ 100 ಡಾಲರ್ ದಂಡ ಹಾಕಿದರು. ತುಮಕೂರಿನಂಥ ಊರಿನಲ್ಲಿ ಅಂಥದನ್ನು ಊಹಿಸುವುದೂ ಕಷ್ಟ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕುಳಿತು ಪ್ರಾರ್ಥನೆ ಮಾಡುವ ದೃಶ್ಯ ನಾಡಿಗೆಲ್ಲ ಪರಿಚಿತ. ಅದೇ ಮಠ 1963ರಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಯಿತು. 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಶಿವರಾತ್ರಿ ಜಾತ್ರೆಗೆ ತೇರಿನಷ್ಟೇ ಕೃಷಿ ಮತ್ತು ಕೈಗಾರಿಕಾ ವಸ್ತುಪ್ರದರ್ಶನವೂ ಆಕರ್ಷಣೆಯಾಗಿ ಬೆಳೆಯಿತು. ಮಠ ಮತ್ತು ವಿಜ್ಞಾನ ಹಗೆಗಳೆಂದು ಇಲ್ಲಿಯವರಿಗೆ ಅನ್ನಿಸಿಯೇ ಇಲ್ಲ. ಹಾಗೆ ನೋಡಿದರೆ ಆನುವಂಶೀಯತೆಯ ನಿಯಮ ಕಂಡುಹಿಡಿದ ಗ್ರೆಗರ್ ಮೆಂಡೆಲ್ ಕೂಡ ಮಠದ ಸಂನ್ಯಾಸಿಯೇ. ಬಟಾಣಿ ಬೆಳೆದದ್ದು ಮಠದ ತೋಟದಲ್ಲಿ. 1868ರಲ್ಲಿ ಆ ಮಠಕ್ಕೆ ಅಧಿಪತಿಯೂ ಆದ.

ಈ ಶಾಂತಿಯಲ್ಲಿ ಒಂದು ಕೊರತೆ ಉಂಟು. ಬೆಳಿಗ್ಗೆ ಪೂಜೆಯಲ್ಲಿ ಬ್ರಹ್ಮ ಸೃಷ್ಟಿಸಿದ ಜಗತ್ತು, ಹನ್ನೊಂದು ಗಂಟೆಯ ಪೀರಿಯಡ್ಡಿನಲ್ಲಿ ಮಿಲ್ಲರನ ಪ್ರಯೋಗ. ಹುಡುಗರು ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಿಡುತ್ತಾರೆ. ಪರೀಕ್ಷೆಯಲ್ಲಿ ನಾಲ್ಕು ಅಂಕದ ಪ್ರಶ್ನೆಗೆ ಒಂದು ಡಬ್ಬಿ ತೆರೆದರೆ ಆಯಿತು. ಜಗಳವಾಗದಿರುವುದಕ್ಕೆ ಕಾರಣ ಎರಡನ್ನೂ ಅರಗಿಸಿಕೊಂಡದ್ದಲ್ಲ, ಎರಡನ್ನೂ ಎದುರುಬದುರು ಕೂರಿಸದೆ ಇದ್ದದ್ದು. ಹೀಗಾಗಿ ಒಂದು ಡಬ್ಬಿಯನ್ನು ಯಾರಾದರೂ ಎತ್ತಿಕೊಂಡು ಹೋದರೂ ಗೊತ್ತಾಗುವುದಿಲ್ಲ.

ಹಾಗೆ ಎತ್ತಿಕೊಂಡು ಹೋದದ್ದೂ ಆಯಿತು. 2018ರ ಜನವರಿಯಲ್ಲಿ, ಆಗ ಕೇಂದ್ರದಲ್ಲಿ ಶಿಕ್ಷಣದ ಹೊಣೆ ಹೊತ್ತ ಖಾತೆಯ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್ ಅವರು, ಮಂಗ ಮನುಷ್ಯನಾದದ್ದನ್ನು ಪೂರ್ವಿಕರು ಯಾರೂ ಕಂಡಿಲ್ಲ, ಡಾರ್ವಿನ್ನನ ಸಿದ್ಧಾಂತ ತಪ್ಪು, ಪಠ್ಯದಲ್ಲಿ ಅದು ಬದಲಾಗಬೇಕು ಎಂಬ ಅರ್ಥದ ಮಾತಾಡಿದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು (ಅವುಗಳಲ್ಲಿ ಒಂದು ಬೆಂಗಳೂರಿನದು) ಒಟ್ಟಾಗಿ ಹೇಳಿಕೆ ಕೊಟ್ಟು ಇದನ್ನು ಅಲ್ಲಗಳೆದವು. ಅಂದಹಾಗೆ, ಈಗಿನ ಮಂಗ ಮನುಷ್ಯನಾಯಿತೆಂದು ಡಾರ್ವಿನ್ ಹೇಳಿಯೇ ಇಲ್ಲ. ಇಬ್ಬರಿಗೂ ದೂರದ ಅಜ್ಜ ಒಬ್ಬನೇ ಎಂದ. ದಾಯಾದಿಯನ್ನು ತಂದೆ ಎಂದು ತಿಳಿದು ಜಗಳ ತೆಗೆದಂತೆ ಇದು.

ಆ ಗದ್ದಲ ತಣ್ಣಗಾಯಿತು. 2023ರಲ್ಲಿ ಗದ್ದಲವಿಲ್ಲದೆ ಬೇರೊಂದು ನಡೆಯಿತು. ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಲ್ಲಿ 'ಅನುವಂಶೀಯತೆ ಮತ್ತು ಜೀವವಿಕಾಸ' ಎಂದಿದ್ದ ಅಧ್ಯಾಯ ಬರೀ 'ಅನುವಂಶೀಯತೆ' ಆಯಿತು. ಮಠದ ಮೆಂಡೆಲ್ ಉಳಿದ, ಡಾರ್ವಿನ್ ಹೋದ. ಜೀವದ ಉಗಮದ ಪ್ರಸ್ತಾಪವೂ ಜೊತೆಗೇ ಹೋಯಿತು. ಧರ್ಮದ ಕಾರಣವನ್ನು ಯಾರೂ ಹೇಳಲಿಲ್ಲ. ಕೋವಿಡ್ ನಂತರ ಮಕ್ಕಳ ಹೊರೆ ಇಳಿಸಲು ಮಾಡಿದ್ದು, ಹನ್ನೆರಡನೆಯ ತರಗತಿಯ ಜೀವವಿಜ್ಞಾನದಲ್ಲಿ ಅದು ಇದ್ದೇ ಇದೆ ಎಂಬುದು ಕೊಟ್ಟ ಸಮಾಧಾನ. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಸಹಿ ಹಾಕಿದ ಬಹಿರಂಗ ಪತ್ರ ಈ ಸಮಾಧಾನವನ್ನು ಒಪ್ಪಲಿಲ್ಲ. ಅವರು ಒಪ್ಪದಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಗುಬ್ಬಿಯ ಹುಡುಗ ಕಾಮರ್ಸ್ ತೆಗೆದುಕೊಂಡರೆ, ಐಟಿಐ ಸೇರಿದರೆ, ತೋಟ ನೋಡಿಕೊಳ್ಳುತ್ತ ಮನೆಯಲ್ಲೇ ನಿಂತರೆ ಅವನಿಗೆ ಹನ್ನೆರಡನೆಯ ತರಗತಿಯ ಜೀವವಿಜ್ಞಾನ ಎಲ್ಲಿಂದ ಬರಬೇಕು? ಹೊರೆ ಇಳಿಸಿದ್ದು ಅವನ ತಲೆಯ ಮೇಲಿಂದಲೇ. ಮೊಬೈಲ್ ಫೋನಿನಲ್ಲಿ ಬರುವ ಕಲ್ಪದ ಲೆಕ್ಕಕ್ಕೆ ಮಾತ್ರ ಯಾವ ತರಗತಿಯ ಮಿತಿಯೂ ಇಲ್ಲ.

ಕರ್ನಾಟಕದ ನಾಲ್ಕು ಕಡೆಯ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಸ್ಮಾರಕಗಳೆಂದು ಸಾರಿದೆ: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಳು, ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ. ರಾಜಸ್ಥಾನದ ಸ್ಟ್ರೊಮ್ಯಾಟೊಲೈಟ್‌ಗಳಿಗೂ ಆ ಮಾನ ಸಿಕ್ಕಿದೆ. ದೊಡ್ಡಗುಣಿ ಆ ಪಟ್ಟಿಯಲ್ಲಿಲ್ಲ. ಸುಣ್ಣಕಲ್ಲಿಗೆ, ಡಾಲೊಮೈಟಿಗೆ ಬೇರೆ ಉಪಯೋಗಗಳೂ ಇರುವುದರಿಂದ ಇಂಥ ಕಲ್ಲು ಕ್ರಷರಿಗೂ ಹೋಗಬಲ್ಲದು, ಗೂಡಿಗೂ ಹೋಗಬಲ್ಲದು. ಅದಕ್ಕೆ ಮೊದಲು ಪ್ರೌಢಶಾಲೆಯ ಮಕ್ಕಳನ್ನು ಒಂದು ಶನಿವಾರ ಅಲ್ಲಿಗೆ ಕರೆದೊಯ್ಯಲು ಬಸ್ ಚಾರ್ಜಿನ ಹೊರತು ಹೆಚ್ಚಿನ ಖರ್ಚಿಲ್ಲ. ಪ್ರಯೋಗಶಾಲೆಯಿಂದ ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಸೀಸೆ ಜೊತೆಗಿದ್ದರೆ ಸಾಕು. ಬಿದ್ದ ಚೂರನ್ನು ಪುಡಿಮಾಡಿ ಎರಡು ತೊಟ್ಟು ಹಾಕಿದರೆ ಬುಸುಬುಸು ಗುಳ್ಳೆ ಏಳುತ್ತದೆ. ಏಳುವುದು ಇಂಗಾಲದ ಡೈಆಕ್ಸೈಡ್, ಆ ಸಮುದ್ರದ ನೀರಿನಲ್ಲಿ ಕರಗಿದ್ದದ್ದು.